ಬೇಕಾದ ಕಡೆ ಸಡಿಲು

ಅಮೆರಿಕದಲ್ಲಿ ನೌಕರಿಯಲ್ಲಿದ್ದ ವರ್ಷಗಳನ್ನು ಈಗ ನೆನೆದರೆ, ನನ್ನ ಬಿಡುವಿನ ಹೊತ್ತನ್ನೆಲ್ಲ ತೆಗೆದುಕೊಂಡದ್ದು ತೋಟಾ ತುಂಬುವ ಪ್ರೆಸ್ ಎಂದೇ ಹೇಳಬೇಕು. ರೈಫಲ್‌ನಿಂದ ಗುಂಡು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೇಸನ್ನು ಎಸೆಯದೆ, ಅದನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಬಾಯಿಗೆ ಹೊಸ ಗುಂಡು ಒತ್ತಿ ಇನ್ನೊಮ್ಮೆ ಬಳಸುವುದು ಆ ದೇಶದ ಊರೂರಿನಲ್ಲೂ ಕಾಣುವ ಹವ್ಯಾಸ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಹಾಗಾಗಿ ನಮ್ಮವರಿಗೆ ಈ ಯಂತ್ರದ ಪರಿಚಯ ಕಡಿಮೆ. ಮೇಜಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಒಂದು ಕಬ್ಬಿಣದ ಚೌಕಟ್ಟು, ಕೆಳಗಿನಿಂದ ಮೇಲೇರುವ ಒಂದು ರ್‍ಯಾಮ್, ಅದರ ತಲೆಯ ಮೇಲೆ ಕೇಸಿನ ಅಂಚನ್ನು ಹಿಡಿಯುವ ಶೆಲ್ ಹೋಲ್ಡರ್, ಮೇಲೆ ಮರೆ (ಸ್ಕ್ರೂ ಥ್ರೆಡ್) ಸುತ್ತಿ ಕೂರಿಸಿದ ಡೈ, ಪಕ್ಕದಲ್ಲೊಂದು ಉದ್ದನೆಯ ಹಿಡಿ. ಯಂತ್ರ ಇಷ್ಟೇ. ಅದರ ನಿಖರತೆಯನ್ನು ಹೇಗೆ ಹೆಚ್ಚಿಸಬೇಕೆಂಬ ಚರ್ಚೆಗೆ ಮಾತ್ರ ಕೊನೆಯಿರಲಿಲ್ಲ. ಆ ಚರ್ಚೆಯಲ್ಲಿ ಹೆಚ್ಚಿನವರದು ಒಂದೇ ಉತ್ತರ: ಇನ್ನೂ ದಪ್ಪ ಎರಕದ ಚೌಕಟ್ಟು, ಇನ್ನೂ ಬಿಗಿಯಾದ ರ್‍ಯಾಮ್, ಎಲ್ಲೂ ಪ್ಲೇ, ಅಂದರೆ ಅಲುಗಾಟ, ಇರಬಾರದು. ವರ್ಷಗಳ ಕಾಲ ಅಳೆದು, ಓದಿ, ಯೋಚಿಸಿದ ಮೇಲೆ ನನಗೆ ಖಚಿತವಾದದ್ದು ಬೇರೆ. ಪ್ರೆಸ್ಸಿನ ನಿಖರತೆ ಬಿಗಿತದಿಂದ ಬರುವುದಿಲ್ಲ. ಪ್ರತಿ ಸಲ ಒಂದೇ ಬಲ ಬೀಳುವಂತೆ ನೋಡಿಕೊಂಡರೆ, ಕೇಸು ತನ್ನ ನೆಲೆಯನ್ನು ತಾನೇ ಕಂಡುಕೊಳ್ಳಲು ಬೇಕಾದಷ್ಟು ಸಡಿಲು ಬಿಟ್ಟರೆ ಬರುತ್ತದೆ.

ಇದನ್ನು ಒಪ್ಪಬೇಕಾದರೆ ಮೊದಲು ಆ ಪ್ರೆಸ್ ನಿಜವಾಗಿ ಏನು ಮಾಡುತ್ತದೆಂದು ನೋಡಬೇಕು. ರೈಫಲ್ ಕೇಸು ಸಾಮಾನ್ಯವಾಗಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. .308 ವಿಂಚೆಸ್ಟರ್‌ನಂಥ ತೋಟಾ ಸಿಡಿದಾಗ ಒಳಗಿನ ಒತ್ತಡ ಚದರ ಇಂಚಿಗೆ 62,000 ಪೌಂಡ್‌ವರೆಗೂ ಹೋಗಬಹುದೆಂದು ಅಮೆರಿಕದ ಉದ್ಯಮದ ಮಾನದಂಡ ಮಿತಿ ಹಾಕಿದೆ. ಅಷ್ಟು ಒತ್ತಡಕ್ಕೆ ಕೇಸಿನ ಗೋಡೆ ಉಬ್ಬಿ ರೈಫಲ್ಲಿನಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ; ಒತ್ತಡ ಇಳಿದ ಕೂಡಲೇ ತುಸು ಕುಗ್ಗಿ ಬಿಡಿಸಿಕೊಳ್ಳುತ್ತದೆ. ಹೀಗೆ ಉಬ್ಬಿದ ಕೇಸನ್ನು ಮುಂದಿನ ಸಲ ಸಲೀಸಾಗಿ ಚೇಂಬರಿಗೆ ಹೋಗುವಷ್ಟು ಮಾತ್ರ ಕಿರಿದು ಮಾಡುವುದು ಸೈಜಿಂಗ್ ಡೈಯ ಕೆಲಸ. ಕತ್ತಿನ ಕೆಳಗಿನ ಇಳಿಜಾರು ಭುಜವನ್ನು ಎಷ್ಟು ಹಿಂದಕ್ಕೆ ತಳ್ಳಬೇಕು? ಬೋಲ್ಟ್ ರೈಫಲ್‌ಗೆ ಎರಡು ಥೌ ಸಾಕು, ಅಂದರೆ ಇಂಚಿನ ಸಾವಿರದಲ್ಲಿ ಎರಡು ಭಾಗ, ಮಿಲಿಮೀಟರಿನಲ್ಲಿ 0.05. ಕೆಲಸದ ಅಳತೆ ಇದು. ಇದನ್ನು ಸಾಧಿಸಬೇಕಾದ ಡೈಯನ್ನು ಚೌಕಟ್ಟಿಗೆ ಕೂರಿಸುವ ಮರೆಯೋ ಮುಕ್ಕಾಲು ಇಂಚಿಗಿಂತ ದಪ್ಪ, ಸರಿಯಾಗಿ ಹೇಳುವುದಾದರೆ ಇಂಚಿನ ಎಂಟರಲ್ಲಿ ಏಳು ಪಾಲು ವ್ಯಾಸ, ಇಂಚಿಗೆ 14 ಸುತ್ತು. ಒಂದು ಸುತ್ತು ತಿರುಗಿಸಿದರೆ ಡೈ 1.81 ಮಿಲಿಮೀಟರ್ ಏರಿಳಿಯುತ್ತದೆ. 0.05 ಮಿಲಿಮೀಟರ್ ಬೇಕೆಂದರೆ ಸುತ್ತಿನ ಮೂವತ್ತಾರನೆಯ ಒಂದು ಭಾಗ, ಅಂದರೆ ಬರೀ ಹತ್ತು ಡಿಗ್ರಿ. ಲಾಕ್ ನಟ್ ಬಿಗಿಮಾಡುವ ಹೊತ್ತಿಗೆ ಡೈ ಅಷ್ಟು ಸರಿದುಬಿಡುವುದು ಯಾರಿಗೂ ಗೊತ್ತಾಗುವುದಿಲ್ಲ.

ಈಗ ಬಿಗಿತದ ವಾದವನ್ನು ಪರಿಶೀಲಿಸೋಣ. ರ್‍ಯಾಮ್ ಚಲಿಸುವ ರಂಧ್ರಕ್ಕೊಂದು ಅಕ್ಷವಿದೆ. ಡೈ ಕೂರುವ ಮರೆಗೆ ಇನ್ನೊಂದು. ಡೈಯ ಹೊರಗಿನ ಮರೆಗೂ ಒಳಗಿನ ಕುಳಿಗೂ ನಡುವೆ ಎಷ್ಟು ಚೆನ್ನಾಗಿ ಮಾಡಿದ್ದರೂ ಚೂರು ವ್ಯತ್ಯಾಸ ಇದ್ದೇ ಇರುತ್ತದೆ. ಶೆಲ್ ಹೋಲ್ಡರಿನ ತೋಡು ಕೂಡ ತನ್ನದೇ ಕೇಂದ್ರವನ್ನು ಹೇಳುತ್ತದೆ. ಇಷ್ಟೂ ಅಕ್ಷಗಳು ಒಂದೇ ಗೆರೆಯ ಮೇಲೆ ಬರಬೇಕೆಂಬುದು ಬಿಗಿತದ ಪರ ಇರುವವರ ಬೇಡಿಕೆ. ಅದು ಸಾಧ್ಯವಿಲ್ಲ ಎನ್ನುತ್ತಿಲ್ಲ ನಾನು; ಹಣ ಸುರಿದರೆ ಹತ್ತಿರ ಹತ್ತಿರ ತರಬಹುದು. ಆದರೆ ಯಂತ್ರಶಾಸ್ತ್ರದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ವಿಜ್ಞಾನದ ಉಪಕರಣಗಳ ಬಗ್ಗೆ ಬರೆಯುತ್ತ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಅದನ್ನು ವಿವರಿಸಿದ್ದ: ಒಂದು ವಸ್ತುವನ್ನು ನೆಲೆಗೊಳಿಸಲು ಎಷ್ಟು ಆಧಾರ ಬೇಕೋ ಅಷ್ಟೇ ಕೊಡಬೇಕು. ಹೆಚ್ಚು ಕೊಟ್ಟರೆ ಆಧಾರಗಳೇ ಒಂದಕ್ಕೊಂದು ವಿರುದ್ಧವಾಗಿ ಎಳೆದಾಡಿ ವಸ್ತುವನ್ನು ಬಾಗಿಸುತ್ತವೆ. ತೋಟಾ ಪ್ರೆಸ್ಸಿನಲ್ಲಿ ಬಾಗುವುದು ಯಾವುದು? ಎರಕದ ಕಬ್ಬಿಣವಲ್ಲ, ಗಟ್ಟಿಮಾಡಿದ ಉಕ್ಕಿನ ಡೈಯಲ್ಲ. ಇಡೀ ಸಾಲಿನಲ್ಲಿ ಮೆತ್ತಗಿರುವುದು ಹಿತ್ತಾಳೆಯ ಕೇಸು, ಅದರಲ್ಲೂ ಅತಿ ತೆಳುವಾದ ಕತ್ತು. ಪ್ರೆಸ್ ಬಿಗಿಯಾದಷ್ಟೂ ಅದರ ಅಕ್ಷಗಳ ಜಗಳವನ್ನು ಹೊರಬೇಕಾದದ್ದು ಆ ಕತ್ತೇ.

ಕೇಸಿಗೆ ಸಡಿಲು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಬಹಳ ಕಾಲದಿಂದ ಸಾಕ್ಷಿಯಾಗಿ ನಿಂತಿರುವುದು ಕೋ-ಆಕ್ಸ್ ಎಂಬ ಪ್ರೆಸ್. ಮೊದಲು ಬೊನಾನ್ಜಾ ಹೆಸರಿನಲ್ಲಿ, ಆಮೇಲೆ ಇಲಿನಾಯ್ ರಾಜ್ಯದ ಲಾನಾರ್ಕ್ ಊರಿನ ಫಾರ್ಸ್ಟರ್ ಕಂಪನಿಯಿಂದ ಬಂದ ಈ ಪ್ರೆಸ್ಸಿನಲ್ಲಿ ಡೈಯನ್ನು ಮರೆ ಸುತ್ತಿ ಬಿಗಿಯುವುದೇ ಇಲ್ಲ. ಡೈಯ ಲಾಕ್ ರಿಂಗನ್ನು ಒಂದು ತೋಡಿನೊಳಗೆ ಪಕ್ಕದಿಂದ ಜಾರಿಸಿಬಿಟ್ಟರೆ ಆಯಿತು. ಕೈಯಲ್ಲಿ ಮುಟ್ಟಿದರೆ ಡೈ ಅಲುಗುತ್ತದೆ. ಕೇಸನ್ನು ಹಿಡಿಯುವ ದವಡೆಗಳೂ ಹಾಗೆಯೇ, ತುಸು ಅತ್ತಿತ್ತ ಸರಿಯುತ್ತವೆ. ಮೊದಲ ಸಲ ನೋಡಿದವರು ಇದು ಸವೆದ ಯಂತ್ರವೆಂದೇ ತಿಳಿಯುತ್ತಾರೆ. ಆದರೆ ಕೇಸಿನ ಬಾಯಿ ಡೈಯ ಕುಳಿಯೊಳಗೆ ಹೋಗುತ್ತಿದ್ದಂತೆ ಎರಡೂ ತಮ್ಮತಮ್ಮಲ್ಲೇ ಹೊಂದಿಕೊಂಡು ಒಂದೇ ಅಕ್ಷಕ್ಕೆ ಬರುತ್ತವೆ. ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಡುವಾಗ ಸಡಿಲವಾಗಿ ಬಿಟ್ಟ ಲೋಟ ತಾನೇ ನಡುವಿಗೆ ಇಳಿಯುತ್ತದೆ, ಗಟ್ಟಿಯಾಗಿ ಹಿಡಿದು ತುರುಕಿದ ಲೋಟ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದಲ್ಲ, ಅದೇ ತತ್ತ್ವ. ತುಂಬಿದ ತೋಟಾವನ್ನು ತಿರುಗಿಸಿ ಡಯಲ್ ಗೇಜಿನಲ್ಲಿ ಗುಂಡಿನ ಓರೆಯನ್ನು ಅಳೆದವರು ಈ ಪ್ರೆಸ್ಸನ್ನು ಮೆಚ್ಚಿಕೊಂಡದ್ದು ಇದರಿಂದಾಗಿಯೇ. ಸಾಂಪ್ರದಾಯಿಕ ಚೌಕಟ್ಟಿನ ಪ್ರೆಸ್ ಇರುವವರೂ ಇದೇ ಗುಣವನ್ನು ಬಲು ಅಗ್ಗದಲ್ಲಿ ಪಡೆಯುತ್ತಾರೆ: ಲಾಕ್ ನಟ್ಟಿನ ಕೆಳಗೆ ಒಂದು ರಬ್ಬರ್ ಓ-ರಿಂಗ್ ಹಾಕಿದರೆ ಡೈ ತನ್ನ ಮರೆಯೊಳಗೆ ಕೂದಲೆಳೆಯಷ್ಟು ಅಲುಗಬಲ್ಲದು. ಓ-ರಿಂಗ್ ಬೇಡವೆನ್ನುವವರು ಕೇಸನ್ನು ಡೈಯೊಳಗೆ ಒತ್ತಿ ಹಿಡಿದಿರುವಾಗಲೇ ಲಾಕ್ ನಟ್ ಬಿಗಿಮಾಡುತ್ತಾರೆ. ಆಗ ಮರೆಯ ಪ್ಲೇ ಎಲ್ಲ ಮೇಲ್ಮುಖವಾಗಿ ತೀರಿ, ಡೈ ಕೆಲಸದ ವೇಳೆ ಎಲ್ಲಿರಬೇಕೋ ಅಲ್ಲೇ ನಿಲ್ಲುತ್ತದೆ.

ಇನ್ನೂ ಬಲವಾದ ಸಾಕ್ಷಿ ಬೆಂಚ್‌ರೆಸ್ಟ್ ಸ್ಪರ್ಧೆಗಳಿಂದ ಬರುತ್ತದೆ. ಕಲ್ಲಿನಂಥ ಮೇಜಿನ ಮೇಲೆ ಮರಳು ಚೀಲಗಳ ನಡುವೆ ರೈಫಲ್ ಇಟ್ಟು, 100 ಗಜ ದೂರದಲ್ಲಿ ಐದು ಗುಂಡುಗಳನ್ನು ಸಾಧ್ಯವಾದಷ್ಟು ಒಂದೇ ತೂತಿನೊಳಗೆ ಹಾಕುವ ಆಟ ಅದು. 1970ರ ದಶಕದ ನಡುವೆ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ರೂಪಿಸಿದ 6 ಎಂಎಂ ಪಿಪಿಸಿ ತೋಟಾ ಈ ಆಟವನ್ನು ಆಳತೊಡಗಿದ ಮೇಲೆ, ಐದು ಗುಂಡುಗಳ ಗುಂಪು ಕಾಲಿಂಚಿಗಿಂತ ಚಿಕ್ಕದಾಗುವುದು ಪರಿಣತರಿಗೆ ವಿಶೇಷವೇನೂ ಆಗಿ ಉಳಿಯಲಿಲ್ಲ. ಪ್ರಪಂಚದಲ್ಲಿ ಅತಿ ನಿಖರವಾದ ತೋಟಾಗಳನ್ನು ತುಂಬುವ ಈ ಜನ ಗುಂಡು ಕೂರಿಸಲು ಬಳಸುವುದು ಯಾವ ಮಹಾ ಯಂತ್ರವನ್ನು? ಒಂದು ಚಿಕ್ಕ ಆರ್ಬರ್ ಪ್ರೆಸ್, ಜೊತೆಗೆ ವಾಷಿಂಗ್ಟನ್ ರಾಜ್ಯದ ಎಲ್. ಇ. ವಿಲ್ಸನ್ ಕಂಪನಿ ಮಾಡುವಂಥ ಕೈ ಡೈ. ಆ ಡೈ ಪ್ರೆಸ್ಸಿಗೆ ಯಾವ ರೀತಿಯಲ್ಲೂ ಅಂಟಿಕೊಂಡಿರುವುದಿಲ್ಲ. ಕೇಸನ್ನು ಡೈಯ ಒಳಗೆ ಇಡುತ್ತಾರೆ, ಗುಂಡನ್ನು ಮೇಲಿನಿಂದ ಹಾಕುತ್ತಾರೆ, ಆ ಇಡೀ ಜೋಡಣೆಯನ್ನು ಪ್ರೆಸ್ಸಿನ ಸಪಾಟು ತಳದ ಮೇಲೆ ನಿಲ್ಲಿಸಿ ತಲೆಯನ್ನು ಮೆಲ್ಲಗೆ ಒತ್ತುತ್ತಾರೆ. ಕೇಸಿನ, ಗುಂಡಿನ, ಒತ್ತುವ ದಂಡದ ಅಕ್ಷವನ್ನು ನಿರ್ಧರಿಸುವುದು ಡೈ ಮಾತ್ರ. ಪ್ರೆಸ್ ಓರೆಯಿದ್ದರೂ ಸರಿ, ಸವೆದಿದ್ದರೂ ಸರಿ, ಅದು ಕೊಡುವುದು ಬಲವನ್ನಷ್ಟೇ. ಬಿಗಿತವೇ ನಿಖರತೆ ಎನ್ನುವುದಾದರೆ, ಆ ಆಟದಲ್ಲಿ ಗೆಲ್ಲುವವರೆಲ್ಲ ಐವತ್ತು ಕೆಜಿ ತೂಕದ ಪ್ರೆಸ್ ಹೊತ್ತು ತರಬೇಕಿತ್ತು. ಅವರು ತರುವುದು ಒಂದು ಕೈಪೆಟ್ಟಿಗೆಯಲ್ಲಿ ಹಿಡಿಯುವ ಸಾಮಾನು.

ಇಲ್ಲಿಗೆ ಒಂದು ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗುಂಡು ಕೂರಿಸಲು ಬೇಕಾದ ಬಲ ಚಿಕ್ಕದು, ಸರಿ. ಕೇಸನ್ನು ಪೂರ್ತಿ ಉದ್ದಕ್ಕೆ ಕಿರಿದು ಮಾಡುವ ಬಲ ದೊಡ್ಡದು. ಆಗ ಚೌಕಟ್ಟು ಹಿಗ್ಗುತ್ತದೆ, ಗೆಣ್ಣುಗಳು ಮಣಿಯುತ್ತವೆ, ಭುಜ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಚೌಕಟ್ಟು ಬಿಗಿಯಾಗಿದ್ದರೆ ತಾನೇ ಭುಜ ಒಂದೇ ಜಾಗದಲ್ಲಿ ನಿಲ್ಲುವುದು? ಲೆಕ್ಕ ಹಾಕಿ ನೋಡೋಣ. ಒಂದು ಪ್ರೆಸ್ ಸೈಜಿಂಗ್ ಬಲಕ್ಕೆ 0.1 ಮಿಲಿಮೀಟರ್ ಹಿಗ್ಗುತ್ತದೆಂದು ಇಟ್ಟುಕೊಳ್ಳಿ. ಪ್ರತಿಯೊಂದು ಕೇಸಿಗೂ ಅಷ್ಟೇ ಹಿಗ್ಗಿದರೆ ಅದರಿಂದ ಯಾವ ತೊಂದರೆಯೂ ಇಲ್ಲ, ಡೈಯನ್ನು ಅಷ್ಟು ಕೆಳಗಿಳಿಸಿದರಾಯಿತು. ತೊಂದರೆ ಬರುವುದು ಬಲ ಒಂದು ಕೇಸಿನಿಂದ ಇನ್ನೊಂದಕ್ಕೆ ಬದಲಾದಾಗ. ಬಲ ಐದರಲ್ಲಿ ಒಂದು ಪಾಲು ಏರುಪೇರಾದರೆ ಹಿಗ್ಗುವಿಕೆಯೂ ಐದರಲ್ಲಿ ಒಂದು ಪಾಲು, ಅಂದರೆ 0.02 ಮಿಲಿಮೀಟರ್ ಏರುಪೇರಾಗುತ್ತದೆ. ಈ ದೋಷವನ್ನು ಅರ್ಧಕ್ಕೆ ಇಳಿಸಲು ಎರಡು ದಾರಿಗಳಿವೆ. ಎರಡು ಪಟ್ಟು ಬಿಗಿಯಾದ ಪ್ರೆಸ್ ಕೊಳ್ಳುವುದು ಒಂದು. ಬಲದ ಏರುಪೇರನ್ನೇ ಅರ್ಧಕ್ಕೆ ತರುವುದು ಇನ್ನೊಂದು. ಬಲ ಯಾಕೆ ಏರುಪೇರಾಗುತ್ತದೆ? ಒಂದು ಕೇಸಿಗೆ ಎಣ್ಣೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಒಂದು ಕೇಸು ಎರಡು ಸಲ ಸಿಡಿದದ್ದು, ಇನ್ನೊಂದು ಎಂಟು ಸಲ; ಹಿತ್ತಾಳೆ ಬಡಿತಕ್ಕೆ ಸಿಕ್ಕಷ್ಟೂ ಗಟ್ಟಿಯಾಗುವ ಲೋಹ, ಗಟ್ಟಿಯಾದಷ್ಟೂ ಹೆಚ್ಚು ಪುಟಿಯುವ ಲೋಹ. ಕೇಸುಗಳನ್ನು ಎಷ್ಟು ಸಲ ಸಿಡಿದಿವೆ ಎಂಬುದರ ಮೇಲೆ ಬೇರ್ಪಡಿಸಿ ಇಡುವುದು, ಕತ್ತು ಭುಜಗಳನ್ನು ಹದವಾಗಿ ಕಾಯಿಸಿ ಮೆತ್ತಗೆ ಮಾಡುವುದು, ಲ್ಯಾನೋಲಿನ್ ಬೆರೆಸಿದ ಎಣ್ಣೆಯನ್ನು ಎಲ್ಲಕ್ಕೂ ಒಂದೇ ತೆರನಾಗಿ ಸವರುವುದು, ಹಿಡಿಯನ್ನು ಪೂರ್ತಿ ಕೆಳಗೆ ಒತ್ತಿ ಪ್ರತಿ ಸಲ ಅಷ್ಟೇ ಹೊತ್ತು ತಡೆದು ಬಿಡುವುದು. ಹೊಸ ಪ್ರೆಸ್ಸಿನ ಬೆಲೆಯ ಮುಂದೆ ಇದಕ್ಕೆಲ್ಲ ತಗಲುವ ಖರ್ಚು ಲೆಕ್ಕಕ್ಕಿಲ್ಲ. ನನ್ನ ಅನುಭವದಲ್ಲಿ ಭುಜದ ಅಳತೆ ಹತೋಟಿಗೆ ಬಂದದ್ದು ಈ ದಾರಿಯಿಂದ.

ಬಿಗಿತದ ಪರ ಇರುವವರು ಹೇಳಬಹುದಾದ ಇನ್ನೊಂದು ಮಾತಿದೆ, ಅದರಲ್ಲಿ ಸತ್ಯವಿದೆ. ಶೆಲ್ ಹೋಲ್ಡರ್ ಡೈಯ ತಳಕ್ಕೆ ಬಡಿದು ನಿಲ್ಲುವಂತೆ ಡೈಯನ್ನು ಇಳಿಸಿದರೆ, ಕೇಸು ಗಟ್ಟಿಯೋ ಮೆದುವೋ ಎಂಬುದರ ಲೆಕ್ಕವೇ ಬರುವುದಿಲ್ಲ, ಉಕ್ಕಿಗೆ ಉಕ್ಕು ತಾಗಿ ನಿಲುಗಡೆಯಾಗುತ್ತದೆ ಎಂಬುದು ಅವರ ವಾದ. ಹೌದು. ಹಿಡಿ ಕೊನೆಯಲ್ಲಿ ತುಸು ಬಲ ಬೇಡಿ ದಾಟಿಕೊಳ್ಳುವ ಹಾಗೆ ಡೈಯನ್ನು ಇಟ್ಟರೆ ಚೌಕಟ್ಟಿಗೆ ಮೊದಲೇ ಒಂದು ಎಳೆತ ಕೊಟ್ಟಂತಾಗುತ್ತದೆ, ಕೇಸಿನ ಬಲದ ಏರುಪೇರು ಆ ಎಳೆತದೊಳಗೆ ಮುಚ್ಚಿಹೋಗುತ್ತದೆ. ತೊಂದರೆಯೆಂದರೆ, ಹಾಗೆ ಇಳಿಸಿದ ಡೈ ಬಹುತೇಕ ರೈಫಲ್‌ಗಳಿಗೆ ಭುಜವನ್ನು ಬೇಕಾದದ್ದಕ್ಕಿಂತ ಹಿಂದಕ್ಕೆ ತಳ್ಳಿಬಿಡುತ್ತದೆ. ಅದಕ್ಕೆ ರೆಡ್ಡಿಂಗ್ ಕಂಪನಿ ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ: ಎರಡೆರಡು ಥೌ ವ್ಯತ್ಯಾಸವಿರುವ ಐದು ಶೆಲ್ ಹೋಲ್ಡರ್‌ಗಳು, ಎರಡರಿಂದ ಹತ್ತು ಥೌವರೆಗೆ. ಡೈಯನ್ನು ಗಟ್ಟಿ ನಿಲುಗಡೆಗೇ ಇಟ್ಟು, ನಮ್ಮ ಚೇಂಬರಿಗೆ ಹೊಂದುವ ಹೋಲ್ಡರನ್ನು ಆಯ್ದುಕೊಂಡರೆ ಸಾಕು. ಹತ್ತು ಡಿಗ್ರಿ ಮರೆ ತಿರುಗಿಸುವ ಕಷ್ಟ ಹೋಗಿ, ಅಳತೆ ಉಕ್ಕಿನ ತುಂಡಿನಲ್ಲೇ ಕೂತುಬಿಡುತ್ತದೆ. ಆದರೆ ಇದು ಬಿಗಿತದ ಗೆಲುವಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿ ಉದ್ದದ ದಿಕ್ಕಿನಲ್ಲಿ ಒಂದು ಖಚಿತ ನಿಲುಗಡೆ ಸಿಕ್ಕಿತು. ಅಡ್ಡ ದಿಕ್ಕಿನಲ್ಲಿ ಡೈ ಅಲುಗಿದರೂ ಈ ನಿಲುಗಡೆಗೆ ಕುಂದಿಲ್ಲ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಬೇರೆಬೇರೆಯಾಗಿ ಯೋಚಿಸದೆ ಎಲ್ಲವನ್ನೂ ಒಟ್ಟಿಗೆ ಬಿಗಿಯುವುದನ್ನೇ ನಾನು ವಿರೋಧಿಸುತ್ತಿರುವುದು.

ಪ್ರೆಸ್ಸಿನ ಮೇಲೆ ಹೊರಿಸಿದ ಎಷ್ಟೋ ದೋಷಗಳು ಅದರವಲ್ಲ. ಗುಂಡು ಓರೆಯಾಗಿ ಕೂರುತ್ತಿದೆ ಎಂದರೆ ರ್‍ಯಾಮ್ ಸವೆದಿದೆ ಎಂದು ತೀರ್ಮಾನಿಸುವವರು ಡೈಯ ನಡುವಿನ ದಂಡದ ತುದಿಯಲ್ಲಿರುವ ಎಕ್ಸ್‌ಪ್ಯಾಂಡರ್ ಗೋಲಿಯನ್ನು ನೋಡಿರುವುದಿಲ್ಲ. ಡೈ ಕತ್ತನ್ನು ಹೊರಗಿನಿಂದ ಬೇಕಾದದ್ದಕ್ಕಿಂತ ಹೆಚ್ಚು ಕಿರಿದು ಮಾಡುತ್ತದೆ. ರ್‍ಯಾಮ್ ಇಳಿಯುವಾಗ ಆ ಗೋಲಿ ಕತ್ತಿನೊಳಗಿನಿಂದ ಬಲವಂತವಾಗಿ ಹೊರಬಂದು ಅದನ್ನು ಮತ್ತೆ ಹಿಗ್ಗಿಸುತ್ತದೆ. ಆಗ ಕೇಸಿನ ಕತ್ತಿಗೆ ಡೈಯ ಆಸರೆ ಇರುವುದಿಲ್ಲ. ಕತ್ತಿನ ಗೋಡೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಇದ್ದರೆ, ಅಥವಾ ಒಳಗೆ ಒಣಗಿದ್ದರೆ, ಗೋಲಿ ಕತ್ತನ್ನು ಒಂದು ಪಕ್ಕಕ್ಕೆ ಎಳೆದುಕೊಂಡೇ ಬರುತ್ತದೆ. ಇಪ್ಪತ್ತು ಕೆಜಿ ತೂಕದ ಪ್ರೆಸ್ಸಿನಲ್ಲೂ ಇದು ತಪ್ಪುವುದಿಲ್ಲ. ಗೋಲಿಯನ್ನು ತೆಗೆದುಹಾಕಿ, ಮೇಲಿನಿಂದ ಒಳಕ್ಕೆ ಒತ್ತುವ ಮ್ಯಾಂಡ್ರೆಲ್‌ನಿಂದ ಬೇರೆಯಾಗಿ ಕತ್ತನ್ನು ಹಿಗ್ಗಿಸಿದರೆ, ಅಥವಾ ಅಳತೆಗೆ ತಕ್ಕ ಬುಷಿಂಗ್ ಹಾಕಿ ಕತ್ತು ಅತಿಯಾಗಿ ಕಿರಿದಾಗದಂತೆ ನೋಡಿಕೊಂಡರೆ, ಓರೆ ಎದ್ದು ಕಾಣುವಷ್ಟು ಇಳಿಯುತ್ತದೆ. ಅಷ್ಟಾದರೂ ಉಳಿಯುವ ಓರೆ ಕೇಸಿನದೇ ಹುಟ್ಟುಗುಣ. ಅಸಮ ಗೋಡೆಯ ಕತ್ತನ್ನು ಹೊರಗಿನಿಂದ ದುಂಡಗೆ ಮಾಡಿದರೆ ಅಸಮತೆ ಒಳಗೆ ಹೋಗುತ್ತದೆ, ಒಳಗಿನಿಂದ ದುಂಡಗೆ ಮಾಡಿದರೆ ಹೊರಗೆ ಬರುತ್ತದೆ. ಕಣ್ಮರೆಯಾಗುವುದು ಮಾತ್ರ ಇಲ್ಲ. ಅದಕ್ಕೆ ಒಳ್ಳೆಯ ಕೇಸು ಕೊಳ್ಳಬೇಕು, ಇಲ್ಲವೇ ಕತ್ತನ್ನು ಹೊರಗಿನಿಂದ ತೆಳ್ಳಗೆ ಕಡೆಯಬೇಕು.

ಹಿಡಿಯ ಒಂದೇ ಎಳೆತದಲ್ಲಿ ನಾಲ್ಕೈದು ಕೆಲಸ ಮಾಡುವ ಪ್ರೊಗ್ರೆಸಿವ್ ಪ್ರೆಸ್ಸಿನ ಮಾತು ಬಂದಾಗ ವಾದ ಇನ್ನೂ ಸೂಕ್ಷ್ಮವಾಗುತ್ತದೆ. ಅಲ್ಲಿ ಡೈಗಳೆಲ್ಲ ಒಂದು ಟೂಲ್‌ಹೆಡ್‌ನಲ್ಲಿ ವೃತ್ತಾಕಾರವಾಗಿ ಕೂತಿರುತ್ತವೆ, ಕೆಳಗೆ ಶೆಲ್ ಪ್ಲೇಟ್ ಕೇಸುಗಳನ್ನು ಒಂದು ಡೈಯಿಂದ ಇನ್ನೊಂದಕ್ಕೆ ಸುತ್ತಿಸುತ್ತದೆ. ಟೂಲ್‌ಹೆಡ್ ತೆಗೆದು ಹಾಕುವಂಥದ್ದಾದರೆ ಅದಕ್ಕೂ ಚೌಕಟ್ಟಿಗೂ ನಡುವೆ ಒಂದಿಷ್ಟು ಪ್ಲೇ ಇರಲೇಬೇಕು. ಆ ಪ್ಲೇ ಕಂಡು ಗಾಬರಿಯಾದವರು ಪಿನ್ನು, ಸ್ಕ್ರೂಗಳಿಂದ ಟೂಲ್‌ಹೆಡ್ಡನ್ನು ಬಿಗಿದುಬಿಡುತ್ತಿದ್ದರು. ಎಚ್‌ಎಂಟಿಯಂಥ ಕಾರ್ಖಾನೆಯ ಲೇತ್‌ಗಳಲ್ಲಿ ಕೆಲಸ ಕಲಿತ ಬೆಂಗಳೂರಿನ ಯಾವ ಮೆಷಿನಿಸ್ಟನಿಗಾದರೂ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲೀಡ್ ಸ್ಕ್ರೂನಲ್ಲಿ ಸಡಿಲು, ಅಂದರೆ ಬ್ಯಾಕ್‌ಲ್ಯಾಷ್ ಇದ್ದರೂ ಆತ ಅಳತೆ ತಪ್ಪುವುದಿಲ್ಲ, ಯಾಕೆಂದರೆ ಯಾವಾಗಲೂ ಒಂದೇ ಕಡೆಯಿಂದ ತಿರುಗಿಸಿಕೊಂಡು ಅಳತೆಗೆ ಬರುತ್ತಾನೆ. ಟೂಲ್‌ಹೆಡ್ ಕೂಡ ಪ್ರತಿ ಸಲ ಮೇಲ್ಮುಖವಾಗಿಯೇ ಒತ್ತಲ್ಪಡುತ್ತದೆ, ಪ್ಲೇ ಪ್ರತಿ ಸಲ ಒಂದೇ ದಿಕ್ಕಿನಲ್ಲಿ ತೀರುತ್ತದೆ. ಹಾಗಿದ್ದರೆ ಅಳತೆ ಎಲ್ಲಿ ತಪ್ಪುತ್ತದೆ? ಹೊರೆ ಬದಲಾದಾಗ. ಸೈಜಿಂಗ್ ಡೈ ಇರುವ ಮೂಲೆಯಲ್ಲಿ ದೊಡ್ಡ ಬಲ ಬಿದ್ದರೆ ಟೂಲ್‌ಹೆಡ್ ಆ ಕಡೆ ಏಳುತ್ತದೆ, ಶೆಲ್ ಪ್ಲೇಟ್ ಆ ಕಡೆ ತಗ್ಗುತ್ತದೆ. ಎದುರು ಮೂಲೆಯಲ್ಲಿ ಅದೇ ಹೊತ್ತಿಗೆ ಕೂರುತ್ತಿರುವ ಗುಂಡಿನ ಆಳ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಎಲ್ಲ ಡೈಗಳ ಕೆಳಗೂ ಕೇಸು ಇರುವಾಗ ಒಂದು ಅಳತೆ, ಕೊನೆಯ ಒಂದೆರಡು ಕೇಸು ಮಾತ್ರ ಉಳಿದಾಗ ಇನ್ನೊಂದು ಅಳತೆ ಬರುವುದು ಇದರಿಂದ. ಟೂಲ್‌ಹೆಡ್ ಬಿಗಿದರೆ ಈ ಏರುಪೇರು ಸ್ವಲ್ಪ ಕಡಿಮೆಯಾಗುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೇಸುಗಳನ್ನು ಮೊದಲೊಮ್ಮೆ ಬೇರೆಯಾಗಿ ಸೈಜ್ ಮಾಡಿಕೊಂಡು, ಪ್ರೊಗ್ರೆಸಿವ್ ಪ್ರೆಸ್ಸಿನಲ್ಲಿ ಹಗುರ ಕೆಲಸಗಳನ್ನಷ್ಟೇ ಮಾಡಿದರೆ ಏರುಪೇರಿನ ಮೂಲವೇ ಹೋಗುತ್ತದೆ. ಸಮಯ ಹೆಚ್ಚು ಬೇಕು ಎನ್ನುವುದು ಇದಕ್ಕಿರುವ ನ್ಯಾಯವಾದ ಆಕ್ಷೇಪ. ಪಿಸ್ತೂಲಿಗೆ ನೂರಾರು ತೋಟಾ ತುಂಬುವವರಿಗೆ ಈ ಶ್ರಮ ಬೇಕಿಲ್ಲ. ದೂರದ ಗುರಿಗೆ ರೈಫಲ್ ತೋಟಾ ತುಂಬುವವರಿಗೆ ಬೇಕು.

ಇಷ್ಟೊಂದು ಅಭಿಪ್ರಾಯಭೇದ ಯಾಕೆ ಉಳಿದುಬಂತು ಎಂದರೆ, ಸಾಕ್ಷಿಯೆಂದು ಜನ ಮುಂದಿಡುತ್ತಿದ್ದ ಗುರಿಹಾಳೆಗಳಲ್ಲಿ ಏನನ್ನೂ ಸಾಬೀತುಪಡಿಸುವ ಶಕ್ತಿ ಇರಲಿಲ್ಲ. ಹೊಸ ಪ್ರೆಸ್ ತಂದ ಮೇಲೆ ಮೂರು ಗುಂಡುಗಳ ಗುಂಪು ಚಿಕ್ಕದಾಯಿತು ಎಂದು ಹಾಳೆ ತೋರಿಸುವುದು ಆ ವಲಯದಲ್ಲಿ ರೂಢಿ. ಗುಂಡುಗಳ ಚದುರುವಿಕೆ ಎಲ್ಲ ದಿಕ್ಕಿಗೂ ಒಂದೇ ತೆರನಾಗಿದೆ ಎಂದುಕೊಂಡರೆ, ಅದೇ ರೈಫಲ್, ಅದೇ ತೋಟಾದ ಮೂರು ಗುಂಡುಗಳ ಗುಂಪಿನ ಸರಾಸರಿ ಅಗಲ ಚದುರುವಿಕೆಯ ಮೂಲ ಅಳತೆಯ 2.4 ಪಟ್ಟು, ಐದು ಗುಂಡುಗಳದು 3.1 ಪಟ್ಟು, ಹತ್ತರದು 3.8 ಪಟ್ಟು. ಏನೂ ಬದಲಾಗದೆಯೇ, ಹೆಚ್ಚು ಗುಂಡು ಹಾರಿಸಿದಷ್ಟಕ್ಕೇ ಗುಂಪು ಒಂದೂವರೆ ಪಟ್ಟಿಗಿಂತ ಹೆಚ್ಚು ದೊಡ್ಡದಾಗುತ್ತದೆ. ಒಂದು ಐದು ಗುಂಡುಗಳ ಗುಂಪಿಗೂ ಇನ್ನೊಂದಕ್ಕೂ ನಡುವೆ ಬರೀ ಆಕಸ್ಮಿಕದಿಂದ ಬರುವ ವ್ಯತ್ಯಾಸವೇ ಕಾಲು ಭಾಗದಷ್ಟಿರುತ್ತದೆ. ಇದರ ಜೊತೆಗೆ ದೋಷಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ನಳಿಕೆ, ಗುಂಡು, ಗಾಳಿ, ಹಾರಿಸುವವರ ಕೈ ಎಲ್ಲ ಸೇರಿ ಒಂದು ಇಂಚಿನ ದೋಷ, ಪ್ರೆಸ್ಸಿನಿಂದ 0.3 ಇಂಚು ಎಂದಾದರೆ ಒಟ್ಟು ಬರುವುದು 1.044 ಇಂಚು. ಪ್ರೆಸ್ಸಿನ ದೋಷವನ್ನು ಪೂರ್ತಿ ಸೊನ್ನೆ ಮಾಡಿದರೂ ಸಿಗುವ ಲಾಭ ನೂರಕ್ಕೆ ನಾಲ್ಕು. ಮೂರು ಗುಂಡು ಹಾರಿಸಿ ಆ ನಾಲ್ಕು ಪಾಲನ್ನು ಕಂಡೆ ಎನ್ನುವುದು ಲೆಕ್ಕಕ್ಕೆ ನಿಲ್ಲದ ಮಾತು. ಪ್ರೆಸ್ಸಿನ ಪರೀಕ್ಷೆ ಗುರಿಹಾಳೆಯ ಮೇಲಲ್ಲ, ಗೇಜಿನ ಮೇಲೆ ಆಗಬೇಕು: ಭುಜದ ನೆಲೆ, ಕತ್ತಿನ ಓರೆ, ಗುಂಡಿನ ಆಳ. ಆಳವನ್ನೂ ಗುಂಡಿನ ತುದಿಯಿಂದ ಅಳೆಯಬಾರದು. ತುದಿ ಒಂದೊಂದು ಗುಂಡಿಗೆ ಒಂದೊಂದು ತೆರ. ಗುಂಡಿನ ಬಾಗು ನಳಿಕೆಯೊಳಗಿನ ಸುರುಳಿ ಏಣುಗಳನ್ನು ಮುಟ್ಟುವ ಜಾಗದಿಂದ, ಕಂಪ್ಯಾರೇಟರ್ ಹಾಕಿ ಅಳೆಯಬೇಕು.

ಅಳೆದು ನೋಡುವ ಈ ಹಾದಿಯಲ್ಲಿ ಮೊದಲು ನಡೆದವರಲ್ಲಿ ನನಗೆ ಅತ್ಯಂತ ಗೌರವವಿರುವುದು ಮ್ಯಾಸಚೂಸೆಟ್ಸ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಅವರ ಮೇಲೆ. ಗುಂಡು ಯಾಕೆ ಗುರಿ ತಪ್ಪುತ್ತದೆಂಬ ಒಂದೇ ಪ್ರಶ್ನೆಗೆ ದಶಕಗಳನ್ನು ಕೊಟ್ಟು, 1909ರಲ್ಲಿ ತಮ್ಮ ಪ್ರಯೋಗಗಳ ಪುಸ್ತಕ ಹೊರತಂದರು. ಮನುಷ್ಯರ ಕೈ ಲೆಕ್ಕಕ್ಕೆ ಬಾರದಂತೆ ನಳಿಕೆಯನ್ನು ಕಾಂಕ್ರೀಟಿನ ಗಟ್ಟಿ ಆಧಾರಕ್ಕೆ ಕೂರಿಸಿದರು. ಗುಂಡುಗಳನ್ನು ಬೇಕೆಂದೇ ಕೆಡಿಸಿ ಹಾರಿಸಿ ಫಲಿತಾಂಶ ಬರೆದಿಟ್ಟರು. ಗುಂಡಿನ ಮೂತಿ ವಿಕಾರವಾದರೆ ಹೆಚ್ಚೇನೂ ಆಗದು, ಅದರ ಬುಡ ತುಸು ಓರೆಯಾದರೂ ಗುರಿ ಕೆಡುತ್ತದೆ ಎಂದು ತೋರಿಸಿದ್ದು ಅವರ ದೊಡ್ಡ ಕಾಣಿಕೆ. ಎಲ್ಲರ ಕಣ್ಣಿಗೆ ಬೀಳುತ್ತಿದ್ದದ್ದು ಮೂತಿ. ಕೇಸಿನೊಳಗೆ ಅಡಗಿರುತ್ತಿದ್ದ ಬುಡವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪ್ರೆಸ್ಸಿನ ವಿಷಯದಲ್ಲೂ ಕಣ್ಣಿಗೆ ಬೀಳುವುದು ಚೌಕಟ್ಟಿನ ಗಾತ್ರ.

ಲಾಭ ನೂರಕ್ಕೆ ನಾಲ್ಕೇ ಆದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಗುರಿಹಾಳೆಯಲ್ಲಿಲ್ಲ, ಕೇಸಿನ ಬುಡದಲ್ಲಿದೆ. ಭುಜವನ್ನು ಅತಿಯಾಗಿ ಹಿಂದಕ್ಕೆ ತಳ್ಳಿದ ಕೇಸು ಚೇಂಬರಿನಲ್ಲಿ ಮುಂದೆ ಹಿಂದೆ ಆಡುತ್ತದೆ. ಫೈರಿಂಗ್ ಪಿನ್ ಬಡಿದಾಗ ಅದು ಮುಂದಕ್ಕೆ ಸರಿಯುತ್ತದೆ; ಒತ್ತಡ ಏರಿದಾಗ ಮುಂಭಾಗದ ತೆಳು ಗೋಡೆ ಚೇಂಬರಿಗೆ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ; ದಪ್ಪನೆಯ ಬುಡ ಬೋಲ್ಟಿನ ಮುಖ ಸೇರುವವರೆಗೂ ಹಿಂದಕ್ಕೆ ಹೋಗುತ್ತದೆ. ಇವೆರಡರ ನಡುವಿನ ಹಿತ್ತಾಳೆ ಪ್ರತಿ ಸಲ ಹಿಗ್ಗಿ ತೆಳುವಾಗುತ್ತದೆ. ಬುಡದ ತುಸು ಮೇಲೆ ಹೊರಗೊಂದು ಹೊಳೆಯುವ ಉಂಗುರ ಕಾಣಿಸಿಕೊಂಡರೆ ಅದು ಎಚ್ಚರಿಕೆ. ಬಾಗಿಸಿದ ತಂತಿಯ ತುದಿಯನ್ನು ಒಳಗೆ ಬಿಟ್ಟು ಗೋಡೆಯನ್ನು ಸವರಿದರೆ ಅಲ್ಲೊಂದು ತಗ್ಗು ಕೈಗೆ ಸಿಗುತ್ತದೆ. ಅದನ್ನು ಗಮನಿಸದೆ ಮತ್ತೆ ತುಂಬಿದರೆ ಕೇಸು ಎರಡು ತುಂಡಾಗಿ, ಬಿಸಿ ಅನಿಲ ಬೋಲ್ಟಿನ ಕಡೆಗೆ, ಕಣ್ಣಿರುವ ಕಡೆಗೆ ನುಗ್ಗಬಹುದು. 0.05 ಮಿಲಿಮೀಟರ್ ಬೇಕಾದಲ್ಲಿ 0.2 ತಳ್ಳುವುದಕ್ಕೂ ತಳ್ಳದಿರುವುದಕ್ಕೂ ಇರುವ ನಿಜವಾದ ವ್ಯತ್ಯಾಸ ಇದು. ಪ್ರೆಸ್ಸಿನ ನಿಖರತೆಯ ಮಾತು ಬಂದಾಗಲೆಲ್ಲ ಅತಿ ಚಿಕ್ಕ ಗುಂಪುಗಳ ಬಗ್ಗೆಯೇ ಚರ್ಚಿಸಿ, ಸುರಕ್ಷತೆಯನ್ನು ಕೊನೆಯ ಸಾಲಿಗೆ ತಳ್ಳುತ್ತಿದ್ದ ಆ ಕಾಲದ ರೂಢಿ ನನಗೆ ಎಂದೂ ಸರಿಯೆನಿಸಲಿಲ್ಲ.

ಕಾರ್ಖಾನೆಯ ಪಂದ್ಯದರ್ಜೆ ತೋಟಾಗಳೇ ಈಗ ಇಷ್ಟು ಚೆನ್ನಾಗಿರುವಾಗ ಮನೆಯ ಪ್ರೆಸ್ಸಿಗೆ ಇನ್ನೇನು ಕೆಲಸ ಎಂಬುದು ಕೊನೆಯ ಆಕ್ಷೇಪ. ಗುಂಡಿನ ಗುಣದಲ್ಲಿ, ಮದ್ದಿನ ಏಕರೂಪತೆಯಲ್ಲಿ ಒಳ್ಳೆಯ ಕಾರ್ಖಾನೆಯ ಜೊತೆ ಹವ್ಯಾಸಿ ಸ್ಪರ್ಧಿಸಬೇಕಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಕಾರ್ಖಾನೆಗೆ ಒಂದು ಬಂಧನವಿದೆ: ಅದರ ತೋಟಾ ಆ ಅಳತೆಯ ಎಲ್ಲ ರೈಫಲ್‌ಗಳಿಗೂ ಹೊಂದಬೇಕು. .308 ವಿಂಚೆಸ್ಟರ್‌ಗೆ ಅಮೆರಿಕದ ಮಾನದಂಡ ಭುಜದವರೆಗಿನ ಅಳತೆಯನ್ನು ಚೇಂಬರಿಗೆ 1.630ರಿಂದ 1.640 ಇಂಚು, ತೋಟಾಗೆ 1.627ರಿಂದ 1.634 ಇಂಚು ಎಂದು ಇಟ್ಟಿದೆ. ಅತಿ ಉದ್ದದ ಚೇಂಬರಿಗೆ ಅತಿ ಗಿಡ್ಡ ತೋಟಾ ಬಿದ್ದರೆ ಎರಡೂ ನಿಯಮದೊಳಗೇ ಇದ್ದೂ ನಡುವೆ 13 ಥೌ, ಅಂದರೆ 0.33 ಮಿಲಿಮೀಟರ್ ಅಂತರ ಉಳಿಯುತ್ತದೆ. ಮನೆಯ ಪ್ರೆಸ್ ಒಂದೇ ಒಂದು ಚೇಂಬರಿಗೆ ಲೆಕ್ಕ ಕೊಟ್ಟರೆ ಸಾಕು, ಆ ಚೇಂಬರಿನ ಅಳತೆ ಅದರಲ್ಲೇ ಸಿಡಿದ ಕೇಸಿನ ಮೈಮೇಲೆ ಅಚ್ಚಾಗಿರುತ್ತದೆ. ಆ ಕೇಸನ್ನು ಅಳೆದು, ಎರಡು ಥೌ ಕಳೆದು, ಡೈಯನ್ನು ಅಲ್ಲಿಗೆ ನಿಲ್ಲಿಸಿ, ಅಡ್ಡಕ್ಕೆ ಕೊಂಚ ಅಲುಗಲು ಬಿಟ್ಟರೆ, ಸಾಧಾರಣ ಬೆಲೆಯ ಹಳೆಯ ಪ್ರೆಸ್ ಕೂಡ ಆ ಒಂದು ರೈಫಲ್ಲಿಗೆ ಯಾವ ಕಾರ್ಖಾನೆಯೂ ಮಾಡಿಕೊಡದಷ್ಟು ಹೊಂದುವ ಕೇಸನ್ನು ಮಾಡಿಕೊಡುತ್ತದೆ.